ವಿಶಾಲಮ್ಮ ಕೊಡದ ಉತ್ತರ

ಗಂಡಸಿ ಊರಿನ ನಮ್ಮ ಚಿಕ್ಕಮ್ಮ ವಿಶಾಲಮ್ಮನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇರಲಿಲ್ಲ. ಕೊಬ್ಬರಿ ಧಾರಣೆಯಿಂದ ಹಿಡಿದು ಯಾರ ಮನೆಯ ಸೊಸೆ ಯಾಕೆ ತವರಿಗೆ ಹೋದಳು ಎನ್ನುವವರೆಗೆ ಎಲ್ಲವೂ ನಾಲಿಗೆ ತುದಿಯಲ್ಲೇ. ಅಂಥವಳು ಹೆತ್ತ ಮಗನಿಗೆ ಹೇಳಬೇಕಾದ ಒಂದು ಮಾತನ್ನು ನುಂಗಿಕೊಂಡಳು. ಅವಳ ಬದುಕಿನಲ್ಲಿ ನಾನು ಕಂಡ ದೊಡ್ಡ ಕೆಲಸ ಅದೇ.

ಮಗ ಮಹಾಂತೇಶ ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಅವನ ಲಿಂಗಪೂಜೆ ಉದ್ದವಾಗತೊಡಗಿತು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತವನು ಅರ್ಧಕ್ಕೇ ಎದ್ದು, ಮತ್ತೆ ಸ್ನಾನ ಮಾಡಿ, ಮೊದಲಿನಿಂದ ಶುರುಮಾಡುತ್ತಿದ್ದ. ಪೂಜೆ ಮುಗಿಯದೆ ಅನ್ನ ಮುಟ್ಟುವಂತಿಲ್ಲ. ಸ್ಕೂಲ್ ಬಸ್ಸು ಹೋಗಿ ಮಧ್ಯಾಹ್ನವಾದರೂ ಹುಡುಗ ಹಸಿದುಕೊಂಡೇ ಕೂತಿರುತ್ತಿದ್ದ. ಎಂಥ ಭಕ್ತಿ ಎಂದು ನೆಂಟರೆಲ್ಲ ಹೊಗಳಿದರು. ಹೊಗಳುವವರ ಗಂಟೇನು ಹೋಗುತ್ತದೆ? ಚಿಕ್ಕಪ್ಪ ಷಡಕ್ಷರಪ್ಪನಂತೂ ಮಗನನ್ನು ಮಠಕ್ಕೇ ಬಿಡುವ ಯೋಚನೆಯಲ್ಲಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಹುಡುಗನೇ ಅಮ್ಮನ ಹತ್ತಿರ ಬಾಯಿಬಿಟ್ಟ. "ಪೂಜೆಗೆ ಕೂತ್ರೆ ಲಿಂಗದ ಮೇಲೆ ಉಗುಳ್ಬಿಡ್ತೀನೇನೋ ಅನ್ಸುತ್ತಮ್ಮ. ನಾನು ಪಾಪಿನಾ?"

"ಬಿಡ್ತು ಅನ್ನು! ನನ್ ಬಂಗಾರ ನೀನು, ಪಾಪಿ ಯಾಕಾಗ್ತೀಯ?" ಎಂದಳು ಚಿಕ್ಕಮ್ಮ.

ಸಮಾಧಾನವಾಯಿತು, ಒಲೆಯ ಮೇಲಿನ ಹಾಲು ಉಕ್ಕುವವರೆಗೆ. ಆಮೇಲೆ ಮತ್ತೆ ಅದೇ ಪ್ರಶ್ನೆ. ದಿನವಿಡೀ ಅವನು ಕೇಳುತ್ತಲೇ ಇದ್ದ, ಇವಳು ಹೇಳುತ್ತಲೇ ಇದ್ದಳು. "ಮಠದ ಮಾತು ಆಮ್ಯಾಕೆ. ಮೊದ್ಲು ನನ್ ಮಗ ಹೊತ್ತಿಗೆ ಸರಿಯಾಗಿ ಉಣ್ಣಂಗಾಗ್ಲಿ" ಎಂದು ಗಂಡನಿಗೆ ಹೇಳಿ, ಮಗನನ್ನು ಹಾಸನದ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು.

"ಇದು ಪಾಪವೂ ಅಲ್ಲ, ಭಕ್ತಿಯೂ ಅಲ್ಲ. ಗೀಳು ಕಾಯಿಲೆ" ಎಂದರು ಡಾಕ್ಟರು. "ಕೆಟ್ಟ ಯೋಚನೆ ಎಲ್ಲರಿಗೂ ಬಂದು ಹೋಗುತ್ತೆ. ಇವನಿಗೆ ಅಂಟಿಕೊಳ್ಳುತ್ತೆ." ಮಾತ್ರೆ ಬರೆದರು. ವಾರವಾರ ಕರೆಸಿ, ಯೋಚನೆ ಬಂದರೂ ಎದ್ದು ಹೋಗದೆ ಪೂಜೆ ಒಂದೇ ಸಲಕ್ಕೆ ಮುಗಿಸುವುದನ್ನು ಅಭ್ಯಾಸ ಮಾಡಿಸಿದರು. ಚಿಕ್ಕಮ್ಮನಿಗೆ, "ನೀವು ಸಮಾಧಾನ ಹೇಳೋದು ತುರಿಕೆ ಕೆರೆದ ಹಾಗೆ. ಇನ್ನು ಕೇಳಿದರೆ ಗೊತ್ತಿಲ್ಲ ಅನ್ನಿ" ಎಂದರು. ಮಹಾಂತೇಶನೂ ತಲೆಯಾಡಿಸಿ ಒಪ್ಪಿದ್ದ.

ಒಪ್ಪುವುದು ಸುಲಭ. ಒಂದು ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಹುಡುಗ ಅಡುಗೆಮನೆ ಬಾಗಿಲಿಗೆ ಬಂದ. ಮೈಯೆಲ್ಲ ಬೆವರು.

"ಒಂದೇ ಒಂದ್ಸಲ ಹೇಳಮ್ಮ. ನಾನು ಪಾಪಿ ಅಲ್ಲ ತಾನೆ?"

ರೊಟ್ಟಿ ತಟ್ಟುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. "ಗೊತ್ತಿಲ್ಲ ಕಣಪ್ಪ."

"ನೀನೂ ಒಬ್ಳು ಅಮ್ಮನಾ?" ಗಂಟಲು ಹರಿಯುವ ಹಾಗೆ ಕೂಗಿದ.

ನನಗೆ ತಡೆಯಲಾಗಲಿಲ್ಲ. ನಾನೇ ಹೇಳಿಬಿಡೋಣ ಎಂದು ಬಾಯಿ ತೆರೆದರೆ ಚಿಕ್ಕಮ್ಮ ಕಣ್ಣಲ್ಲೇ ಗದರಿದಳು. ಹುಡುಗ ಅಳುತ್ತ ಒಳಗೆ ಹೋದ. ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತದೇನೋ ಎಂದು ಇಬ್ಬರೂ ಕಿವಿಗೊಟ್ಟು ನಿಂತೆವು. ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪೂಜೆ ಮುಗಿಸಿ ಬಂದು, ಅಮ್ಮನ ಮುಖ ನೋಡದೆ ತಟ್ಟೆಯ ಮುಂದೆ ಕೂತ.

ಅವನು ಬಸ್ಸಿಗೆ ಹೋದ ಮೇಲೆ ಚಿಕ್ಕಮ್ಮ ಒಲೆಯ ಪಕ್ಕದಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

"ಬತ್ತೀನಮ್ಮ ಅಂತಲೂ ಅನ್ಲಿಲ್ಲ ಕಣೇ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅನ್ನದಿದ್ರೆ ಹೋಗ್ಲಿ. ಬಿಸಿ ರೊಟ್ಟಿ ತಿಂದ್ಕಂಡು ಹೋದ."