ಮೈಕ್ರೋಸ್ಕೋಪಿಗಾಗಿ ಕುಡಿದ ಸೂಪು

ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಬಂದ ಒಂದು ಹಸಿರು ಕಾಗದವನ್ನು ನಾನು ಓದಿದೆ, ಗಂಡನಿಗೂ ಓದಿ ಹೇಳಿದೆ, ಆಮೇಲೂ ನಂಬಲಿಲ್ಲ. ಮನೆಯಲ್ಲಿ ಬಳಸುವ ಸೂಪಿನ ಡಬ್ಬಿಗಳ ಲೇಬಲ್ ಕಿತ್ತು ಮಕ್ಕಳ ಕೈಯಲ್ಲಿ ಕಳಿಸಿ ಎಂದು ಅದರಲ್ಲಿತ್ತು. ಶಾಲೆ ಅವನ್ನೆಲ್ಲ ಒಟ್ಟು ಮಾಡಿ ಸೂಪಿನ ಕಂಪನಿಗೆ ಕಳಿಸುತ್ತದಂತೆ. ಕಂಪನಿ ಅದಕ್ಕೆ ಬದಲಾಗಿ ಗ್ಲೋಬು, ಚೆಂಡು, ಪುಸ್ತಕಗಳನ್ನು ಪುಕ್ಕಟೆ ಕೊಡುತ್ತದಂತೆ. ಯಾವ ಕ್ಲಾಸು ಹೆಚ್ಚು ಲೇಬಲ್ ತರುತ್ತದೋ ಆ ಕ್ಲಾಸಿಗೆ ಕ್ಯಾಟಲಾಗಿನಿಂದ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುವ ಬಹುಮಾನ.

ನನಗೆ ತಲೆ ಕೆಟ್ಟಂತಾಯಿತು. ಹ್ಯೂಸ್ಟನ್ನಿನಲ್ಲಿ ಕೂತು ಚಂದ್ರನ ಮೇಲಿದ್ದವರ ಜೊತೆ ಮಾತಾಡಿದ ರಾಜ್ಯವಿದು. ಇಲ್ಲಿ ಒಂದನೇ ಕ್ಲಾಸಿನ ಮಕ್ಕಳು ಡಬ್ಬಿಯ ಚೀಟಿ ಆಯಬೇಕೆ? ನಾವು ಆಗಷ್ಟೇ ಡಲ್ಲಾಸಿನ ಉತ್ತರಕ್ಕೆ, ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆಗೆ ಶಿಫ್ಟ್ ಆಗಿದ್ದೆವು. ಶಾಲೆಯೂ ಹೊಸದು. ಅದರ ನೆಲ ನಮ್ಮೂರಿನ ಮದುವೆ ಛತ್ರಗಳಿಗಿಂತ ಹೊಳೆಯುತ್ತಿತ್ತು. ಪೇರೆಂಟ್ಸ್ ಮೀಟಿಂಗಿನ ದಿನ ಕ್ಲಾಸ್ ಟೀಚರನ್ನು ಕೇಳಿಯೇಬಿಟ್ಟೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ ಅವಳು. ಕಟ್ಟಡದ ದುಡ್ಡೇ ಬೇರೆ, ಕ್ಲಾಸಿನ ದುಡ್ಡೇ ಬೇರೆ ಎಂದಳು. ಮಕ್ಕಳ ಪೆನ್ಸಿಲ್ಲು, ಗೋಂದು ಎಲ್ಲ ತನ್ನ ಸಂಬಳದಲ್ಲೇ ತರುವುದಂತೆ. ಮೈಕ್ರೋಸ್ಕೋಪಿಗೆಂದು ಒಂದು ಗ್ರಾಂಟಿಗೆ ಅರ್ಜಿ ಹಾಕಿದ್ದಳಂತೆ, ಸಿಗಲಿಲ್ಲವಂತೆ. ಅದನ್ನು ಅವಳು ನಗುನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ.

ಮಗಳು ಮಾತ್ರ ಮೈಕ್ರೋಸ್ಕೋಪಿನ ಜಪ ಶುರು ಮಾಡಿದಳು. ಇರುವೆಯ ಕಾಲು ನೋಡಬೇಕು, ಉಪ್ಪಿನ ಹರಳು ನೋಡಬೇಕು. ನಾವು ಸೂಪು ಕುಡಿಯುವ ಜನವೇ ಅಲ್ಲ. ಸಾರು ಇರುವ ಮನೆಯಲ್ಲಿ ಸೂಪು ಯಾಕೆ? ಆದರೂ ಅಂಗಡಿಗೆ ಹೋಗಿ ‘ವೆಜಿಟಬಲ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ, ಕ್ಯಾರೆಟ್ಟು, ಬೀನ್ಸು, ಬಟಾಣಿ, ಜೋಳದ ಚಿತ್ರವಿದ್ದ ಡಬ್ಬಿಗಳನ್ನು ಗಾಡಿ ತುಂಬ ಹೇರಿಕೊಂಡು ಬಂದೆ. ಮಗಳು ಕಾರಿನಲ್ಲೇ ಲೇಬಲ್ ಬಿಡಿಸತೊಡಗಿದಳು. ಮನೆಯೊಳಗೆ ಬರುವಾಗ ಡಬ್ಬಿಗಳೆಲ್ಲ ಬೆತ್ತಲೆ ತಗಡು. ಬಿಸ್ಕತ್ತಿನಲ್ಲಿ ಹಂದಿಯ ಕೊಬ್ಬಿದೆಯೇ, ಮೊಸರಿನಲ್ಲಿ ಜಿಲಟಿನ್ ಇದೆಯೇ ಎಂದು ಕನ್ನಡಕ ಏರಿಸಿ ಓದುತ್ತಿದ್ದ ನಾನು ಇದನ್ನು ತಿರುಗಿಸಿ ನೋಡಲಿಲ್ಲ. ತರಕಾರಿ ಎಂದ ಮೇಲೆ ತರಕಾರಿ ಅಲ್ಲವೇ?

ಆಗ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದರು. ಮೊಟ್ಟೆ ಹಾಕಿದ ಕೇಕನ್ನು ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯುವವರು. ವಿಮಾನದಲ್ಲಿ ಕೊಟ್ಟದ್ದನ್ನು ಮೂಸಿಯೂ ನೋಡದೆ, ಮನೆಯಿಂದ ಕಟ್ಟಿ ತಂದ ಅವಲಕ್ಕಿಯನ್ನೇ ತಿಂದುಕೊಂಡು ಬಂದಿದ್ದರು. ಅವರಿಗೆ ಇಲ್ಲಿ ಇದ್ದ ಸಂಕಟ ಊಟದ್ದಲ್ಲ, ಮೊಮ್ಮಗಳದ್ದು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅತ್ತೆಗೆ ಬರುತ್ತಿದ್ದ ಇಂಗ್ಲಿಷ್ ‘ಎಸ್’, ‘ನೋ’, ‘ಥ್ಯಾಂಕ್ಸ್’ ಅಷ್ಟೇ. ಅಜ್ಜಿ ಕರೆದರೆ ಮಗು ನನ್ನ ಸೆರಗಿನ ಹಿಂದೆ ಸೇರುತ್ತಿತ್ತು.

“ಅಷ್ಟು ದೂರದಿಂದ ಬಂದೆ ಕಣೇ, ಈ ಮಗು ನನ್ನ ಹತ್ರ ಒಂದು ಸಲಾನೂ ತಾನಾಗಿ ಬರಲಿಲ್ಲ,” ಎಂದು ಅತ್ತೆ ಒಂದು ದಿನ ಅವರೆಕಾಳು ಬಿಡಿಸುತ್ತ ಹೇಳಿದ್ದರು. ನಾನು ಒಲೆಯ ಕಡೆ ತಿರುಗಿ ಸಾರು ಕಲಕಿದ್ದೆ.

ಆ ಮಗು ಈಗ ತಾನಾಗಿ ಬಂತು. ಡಬ್ಬಿ ನಾನು ತೆರೆದುಕೊಟ್ಟೆ. ಬಟ್ಟಲಿಗೆ ಸುರಿದು, ನೀರು ಬೆರೆಸಿ, ಮೈಕ್ರೋವೇವಿನಲ್ಲಿ ಇಟ್ಟು, ಎರಡೂ ಕೈಯಲ್ಲಿ ಹಿಡಿದುಕೊಂಡು ನಾಲಿಗೆ ಕಚ್ಚಿಕೊಂಡು ನಡೆದು ಬಂದು ಅಜ್ಜಿಯ ಮುಂದೆ ಇಟ್ಟದ್ದು ಅವಳೇ. “ಅಜ್ಜಿ, ಐ ಮೇಡ್ ಇಟ್ ಫಾರ್ ಯೂ!”

ಡಬ್ಬಿಯಲ್ಲಿ ಬಂದದ್ದನ್ನು ಯಾರು ಮಾಡಿದ್ದೋ, ಯಾವತ್ತು ಮಾಡಿದ್ದೋ ಎಂದು ಮೂಗು ಮುರಿಯುತ್ತಿದ್ದ ಅತ್ತೆ ನನ್ನ ಮುಖ ನೋಡಿದರು. “ಬರೀ ತರಕಾರಿ, ಅತ್ತೆ,” ಎಂದೆ. ಅವರು ಒಂದು ಚಮಚ ಬಾಯಿಗಿಟ್ಟರು. ಉಪ್ಪು ಜಾಸ್ತಿ, ಖಾರ ಇಲ್ಲ ಎಂದರು. ಮರುದಿನದಿಂದ ಅದಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿತ್ತು. ಶಾಲೆಯಿಂದ ಬಂದ ಕೂಡಲೇ ಮಗಳು ಬಿಸಿ ಮಾಡುವುದು, ಅತ್ತೆ ಒಗ್ಗರಣೆ ಹಾಕುವುದು, ಇಬ್ಬರೂ ಎದುರುಬದುರು ಕೂತು ಕುಡಿಯುವುದು. ಆಮೇಲೆ ಬಿಡಿಸಿಟ್ಟ ಲೇಬಲ್ಲುಗಳನ್ನು ಎಣಿಸಿ ಬೂಟಿನ ಪೆಟ್ಟಿಗೆಗೆ ತುಂಬುವುದು. ಅತ್ತೆ ಕನ್ನಡದಲ್ಲಿ ಹೇಳುವರು, ಇವಳು ಇಂಗ್ಲಿಷಿನಲ್ಲಿ ಒದರುವಳು, ಇಬ್ಬರೂ ನಗುವರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿದ್ದ ಗಂಡನ ಕಸಿನ್‌ನ ಹೆಂಡತಿಗೂ ಫೋನ್ ಮಾಡಿ ಹೇಳಿದೆ. ಅವಳು ಕವರು ತುಂಬ ಲೇಬಲ್ ಕಳಿಸಿದಳು. ಮಕ್ಕಳು ಬಟ್ಟಲು ನೆಕ್ಕಿ ನೆಕ್ಕಿ ಇಟ್ಟರು ಎಂದು ಕೊಚ್ಚಿಕೊಂಡಳು. ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ಹುಬ್ಬಳ್ಳಿಯ ಹುಡುಗನಿಗೂ ಹೇಳಿದೆ. ಅವನು ಮುಸ್ಲಿಮರ ಹುಡುಗ. ಮೊದಲ ಸಲ ಅಮೆರಿಕಕ್ಕೆ ಬಂದಾಗ ಡಲ್ಲಾಸಿನಲ್ಲಿ ಅವನ ವಿಮಾನ ರದ್ದಾಗಿ, ಯಾರೋ ನಮ್ಮ ನಂಬರು ಕೊಟ್ಟು, ನಮ್ಮನೆಯಲ್ಲಿ ಉಳಿದಿದ್ದ. ಅಂದಿನಿಂದ ರಜೆ ಬಂದಾಗಲೆಲ್ಲ ಬಸ್ಸು ಹತ್ತಿ ಬಂದುಬಿಡುತ್ತಿದ್ದ. ಅತ್ತೆಗೂ ಅವನನ್ನು ಕಂಡರೆ ಇಷ್ಟ. ತಟ್ಟೆ ಖಾಲಿ ಮಾಡುವ ಹುಡುಗ ಎನ್ನುತ್ತಿದ್ದರು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅವನು ಬಂದ, ಪ್ಲಾಸ್ಟಿಕ್ ಚೀಲದ ತುಂಬ ಲೇಬಲ್ ತಂದ. ಮಧ್ಯಾಹ್ನ. ಅತ್ತೆ ಮೇಜಿನ ಮುಂದೆ ಕೂತು ಅನ್ನಕ್ಕೇ ಸೂಪು ಕಲಸಿಕೊಂಡು ತಿನ್ನುತ್ತಿದ್ದರು. ಮಗಳು ತನ್ನ ಬೂಟಿನ ಪೆಟ್ಟಿಗೆ ತರಲು ಮಹಡಿಗೆ ಓಡಿದಳು.

“ಘಮ್ ಅನ್ನಾಕತ್ತೈತಲ್ರಿ ಅಮ್ಮಾರ, ಏನ್ ಸಾರು?”

“ಸಾರಲ್ಲಪ್ಪ, ಅದೇ ನಿಮ್ಮ ಡಬ್ಬಿ ಸೂಪು. ನನ್ನ ಮೊಮ್ಮಗಳು ಬಡಿಸಿದ್ದು.”

ಅವನ ಮುಖದ ನಗು ಹಾಗೇ ನಿಂತುಬಿಟ್ಟಿತು. “ಅಕ್ಕಾರ, ಇದನ್ನ ನೀವು ಉಣ್ಣಾಕತ್ತೀರೇನ್ರಿ? ಲೇಬಲ್ ಅಷ್ಟ ತಗೊಂಡು ಸೂಪ್ ಯಾರಿಗರ ಕೊಡ್ತೀರಿ ಅಂತ ತಿಳ್ಕೊಂಡಿದ್ನಿ ನಾ.” ಚೀಲದಿಂದ ಅದೇ ಸೂಪಿನ ಒಂದು ಲೇಬಲ್ ತೆಗೆದು ಅಂಚಿನಲ್ಲಿ ಬೆರಳಿಟ್ಟು ನನ್ನ ಕಡೆ ಚಾಚಿದ. “ಇದರಾಗ ದನದ ಮಾಂಸ ಕುದಿಸಿದ ನೀರು ಐತ್ರಿ. ನಮಗೂ ನಡೆಯಂಗಿಲ್ರಿ, ಹಲಾಲ್ ಅಲ್ಲ. ಅದಕ್ಕ ನಾ ಎಲ್ಲಾ ಡಬ್ಬಿ ರೂಮ್‌ಮೇಟ್‌ಗೆ ಕೊಟ್ಟೀನಿ.”

ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರಗಳು. ಕ್ಯಾರೆಟ್ಟು, ಆಲೂಗಡ್ಡೆಗಳ ನಡುವೆ ಆ ಎರಡು ಪದಗಳೂ ಇದ್ದವು. ಬೀಫ್ ಸ್ಟಾಕ್. ಅಕ್ಷರಗಳು ಬದಲಾಗುತ್ತವೇನೋ ಎಂಬಂತೆ ಮತ್ತೆ ಓದಿದೆ. ಅತ್ತೆಯ ಕೈ ತುತ್ತಿನ ಜೊತೆ ತಟ್ಟೆ ಮತ್ತು ಬಾಯಿಯ ನಡುವೆ ನಿಂತಿತ್ತು. ಹುಡುಗ ಕನ್ನಡದಲ್ಲೇ ಹೇಳಿದ್ದ, ಅವರಿಗೆ ಒಂದಕ್ಷರವೂ ತಪ್ಪಿರಲಿಲ್ಲ. ನಾನು ‘ಅತ್ತೆ’ ಎಂದೆ.

ಅವರು ತುತ್ತನ್ನು ತಟ್ಟೆಗೆ ಇಳಿಸಿದರು. ಮಹಡಿ ಮೆಟ್ಟಿಲಲ್ಲಿ ಮಗಳು ಧಡಧಡನೆ ಇಳಿದು ಬರುವ ಸದ್ದು. ಅವಳು ಬಂದು ತಟ್ಟೆ ನೋಡಿದಳು. “ಅಜ್ಜಿ, ಯೂ ಡಿಡ್‌ನ್ಟ್ ಫಿನಿಶ್?”

“ಹೊಟ್ಟೆ ತುಂಬಿತು ಪುಟ್ಟಿ,” ಎಂದು ಅತ್ತೆ ಅವಳ ಕೆನ್ನೆ ಮುಟ್ಟಲು ಎಡಗೈ ಎತ್ತಿದರು. ಮುಟ್ಟಲಿಲ್ಲ. ಎದ್ದು ಬಚ್ಚಲಿಗೆ ಹೋದರು. ನೀರು ಬೀಳುತ್ತಲೇ ಇತ್ತು.

ಹುಡುಗನ ಕಣ್ಣಲ್ಲಿ ನೀರು. “ನಾ ಬಾಯಿ ಮುಚ್ಕೊಂಡಿರಬೇಕಿತ್ರಿ ಅಕ್ಕಾರ,” ಎಂದ. ಗಂಡ ಗರಾಜಿನಿಂದ ಒಳಗೆ ಬಂದವರು ಸಂಗತಿ ಕೇಳಿ, ನೆಲ ನೋಡುತ್ತ, “ಮಾಂಸ ಏನಲ್ಲವಲ್ಲ, ಬರೀ ನೀರು ತಾನೇ? ಗೊತ್ತಿಲ್ಲದೆ ಆಗಿದ್ದು,” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವರನ್ನು, ಕಂಪನಿಯನ್ನು, ಪೆನ್ಸಿಲ್ಲಿಗೂ ಗತಿಯಿಲ್ಲದ ಹೊಳೆಯುವ ಶಾಲೆಯನ್ನು. ಮಗಳು ಪೆಟ್ಟಿಗೆ ಅಪ್ಪಿಕೊಂಡು ನಿಂತಿದ್ದಳು. ಅಮ್ಮ ಯಾರ ಮೇಲೆ ಕೂಗುತ್ತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ. ಹುಡುಗ ಅವಳನ್ನು ಲೇಬಲ್ ಎಣಿಸೋಣ ಬಾ ಎಂದು ಹೊರಗೆ ಕರೆದುಕೊಂಡು ಹೋದ.

ಅತ್ತೆ ತಲೆಗೆ ಸ್ನಾನ ಮಾಡಿ ಬಂದು, ಬಟ್ಟೆ ಕಪಾಟಿನಲ್ಲಿ ನಾವು ಮಾಡಿಕೊಂಡಿದ್ದ ದೇವರ ಗೂಡಿನ ಮುಂದೆ ಕೂತರು. ಒದ್ದೆ ಕೂದಲಿನಿಂದ ಕಾರ್ಪೆಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನನ್ನು ಬೈದರೆ ಸಾಕು ಎನ್ನಿಸಿತ್ತು.

“ನಾನು ಊರಿಗೆ ಹೋಗಿ ಏನು ಮಾಡಿಸಬೇಕೋ ಮಾಡಿಸ್ಕೋತೀನಿ,” ಎಂದರು, ತಿರುಗದೆ. “ಆ ಹುಡುಗನ್ನ ಊಟಕ್ಕೆ ಕರಿ, ಹೆದರಿದಾನೆ. ಇನ್ನೊಂದು ಮಾತು. ಮಗೂಗೆ ಹೇಳಕೂಡದು.”

“ಅತ್ತೆ…”

“ಅವಳಾಗಿ ಅವಳು ನನಗೆ ಮಾಡಿಕೊಟ್ಟಿದ್ದು ಅದೊಂದೇ ಕಣೇ. ಅಜ್ಜಿಗೆ ಕೊಡಬಾರದ್ದು ಕೊಟ್ಟೆ ಅಂತ ಅವಳ ತಲೇಲಿ ಉಳೀಬಾರದು. ಯಾವತ್ತೂ.”

ಸಂಜೆ ಮಿಸೌರಿ ಸಿಟಿಗೆ ಫೋನ್ ಮಾಡಿದೆ. ಕಸಿನ್‌ನ ಹೆಂಡತಿ ಸಂಗತಿ ಕೇಳಿ, “ನಮ್ಮನೇಲಿ ಯಾರೂ ತಿಂದಿಲ್ಲಪ್ಪ, ಬರೀ ಲೇಬಲ್‌ಗೆ ತಂದಿದ್ದು,” ಎಂದಳು. ನೆಕ್ಕಿದ ಬಟ್ಟಲುಗಳ ವಿಷಯ ನಾನು ಎತ್ತಲಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಸ್ಪರ್ಧೆ ಮುಗಿದಿರಲಿಲ್ಲ. ಮಗಳು ಶಾಲೆಯಿಂದ ಬಂದು ಬಟ್ಟಲು ತೆಗೆಯುವಳು. ಅತ್ತೆ ಒಂದು ದಿನ ಏಕಾದಶಿ ಎಂದರು, ಮರುದಿನ ಸಂಕಷ್ಟಿ ಎಂದರು, ಆಮೇಲೆ ಹಲ್ಲುನೋವು ಎಂದರು. ಮಗು ಬಟ್ಟಲನ್ನು ಕಪಾಟಿಗೆ ವಾಪಸ್ಸು ಇಟ್ಟು ಟಿವಿ ಮುಂದೆ ಹೋಗಿ ಕೂತಿತು. ಅಜ್ಜಿ ಕರೆದರೆ ತಿರುಗಿ ನೋಡಲಿಲ್ಲ. ಆ ರಾತ್ರಿ ಅತ್ತೆ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ, “ಅದೇ ಕಂಪನೀದು ಬೇರೆ ಯಾವುದಾದರೂ ಇದೆಯಾ ನೋಡೇ,” ಎಂದರು.

ಟೊಮ್ಯಾಟೊ ಸೂಪಿತ್ತು. ಅಂಗಡಿಯ ನಡುವೆ ನಿಂತು ಅದರ ಒಂದೊಂದು ಅಕ್ಷರವನ್ನೂ ಓದಿದೆ, ಗಂಡನಿಂದ ಓದಿಸಿದೆ, ಆಸ್ಟಿನ್ನಿಗೆ ಫೋನ್ ಮಾಡಿ ಆ ಹುಡುಗನಿಂದಲೂ ಅಲ್ಲಿನ ಅಂಗಡಿಯ ಡಬ್ಬಿ ಓದಿಸಿದೆ. ತಂದು ಕೊಟ್ಟೆ. ಮಗಳು ಬಿಸಿ ಮಾಡಿ ಎರಡೂ ಕೈಯಲ್ಲಿ ಹಿಡಿದು ತಂದಳು. ಅತ್ತೆ ಚಮಚ ಅದ್ದಿದರು. ಇದು ಶುದ್ಧ ಎಂದು ಅವರಿಗೆ ಗೊತ್ತಿತ್ತು. ಆದರೂ ಆ ಬಟ್ಟಲು ಅದೇ, ವಾಸನೆ ಹೆಚ್ಚುಕಡಿಮೆ ಅದೇ. ಅವರು ಕಣ್ಣು ಮುಚ್ಚಿ ನುಂಗಿದರು, ತೆರೆದು ಮೊಮ್ಮಗಳ ಕಡೆ ನೋಡಿ ನಕ್ಕರು. ಊರಿಗೆ ಹೊರಡುವ ವಾರದವರೆಗೂ ದಿನಾ ಹೀಗೆಯೇ. ಒಬ್ಬ ಹೆಂಗಸಿನಲ್ಲಿ ಇಷ್ಟು ಗಟ್ಟಿತನ ಇರಬಹುದೆಂದು ಅದುವರೆಗೆ ನಾನು ಅಂದುಕೊಂಡಿರಲೇ ಇಲ್ಲ, ಅದೂ ನನ್ನ ಅತ್ತೆಯಲ್ಲಿ.

ಅವರು ಹೊರಡುವ ಮೊದಲು ಶಾಲೆಯಲ್ಲಿ ಬಹುಮಾನದ ದಿನ ಬಂತು. ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲರನ್ನೂ ಕೆಫೆಟೇರಿಯಾಗೆ ಕರೆದಿದ್ದರು. ಮಗಳ ಕ್ಲಾಸೇ ಗೆದ್ದಿತ್ತು. ಮೈಕ್ರೋಸ್ಕೋಪಿನ ಚಿತ್ರ ಕೈಯಲ್ಲಿ ಹಿಡಿದ ಟೀಚರ್ ಕಣ್ಣೊರೆಸಿಕೊಂಡಳು. ಇನ್ನೇನು ಮುಗಿಯಿತು ಎಂದುಕೊಳ್ಳುವಾಗ ಅವಳು ಮೈಕಿನಲ್ಲಿ, ನಮ್ಮ ಕ್ಲಾಸಿಗೆ ಒಬ್ಬ ಸೂಪ್ ಚಾಂಪಿಯನ್ ಇದ್ದಾರೆ, ಇಂಡಿಯಾದಿಂದ ಬಂದ ಅಜ್ಜಿ, ಎಲ್ಲರಿಗಿಂತ ಹೆಚ್ಚು ಸೂಪು ಕುಡಿದವರು, ಎಂದಳು. ಮಗಳು ಕ್ಲಾಸಿನಲ್ಲಿ ಎಲ್ಲ ಹೇಳಿಕೊಂಡಿದ್ದಳು. ಇಡೀ ಕೆಫೆಟೇರಿಯಾ ಚಪ್ಪಾಳೆ ಹೊಡೆಯಿತು. ಬೇಡ ಎನ್ನಲು ಏಳುವಷ್ಟರಲ್ಲಿ ಮಗಳು ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೋಗಿಯೇಬಿಟ್ಟಿದ್ದಳು.

ರೇಷ್ಮೆ ಸೀರೆ, ಮೇಲೆ ಸ್ವೆಟರು, ಕಾಲಲ್ಲಿ ನನ್ನ ಸ್ಪೋರ್ಟ್ಸ್ ಶೂ. ಅತ್ತೆ ಎಲ್ಲರ ಮುಂದೆ ನಿಂತರು. ಟೀಚರ್ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು. ಅವರು ಮೈಕನ್ನು ನೋಡಲಿಲ್ಲ, ಪಕ್ಕದಲ್ಲಿ ನಿಂತ ಮಗುವನ್ನು ನೋಡಿದರು.

“ಬೇರೆ ಯಾರು ಕೊಟ್ಟಿದ್ದರೂ ಅದನ್ನ ನಾನು ಮುಟ್ಟುತ್ತಿರಲಿಲ್ಲ,” ಎಂದರು. “ಇವಳು ಕೊಟ್ಟಳು, ಕುಡಿದೆ.”

ಟೀಚರ್ ಮಗಳ ಕಡೆ ಬಗ್ಗಿ, ಅಜ್ಜಿ ಏನೆಂದರು ಎಂದು ಕೇಳಿದಳು. ಮಗಳು ಮೈಕಿಗೆ ಬಾಯಿ ತಾಗಿಸಿ ಕೂಗಿದಳು. “ಶಿ ಸೇಸ್ ಇಟ್ ವಾಸ್ ಯಮ್ಮಿ!”

ಅತ್ತೆಗೆ ಆ ಪದ ಅಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಬಟ್ಟಲು ಮುಂದಿಟ್ಟು ಮಗು ಅವರನ್ನು ಕೇಳುತ್ತಿದ್ದ ಪ್ರಶ್ನೆಯೇ ಅದು. ಅವರು ಎರಡು ಸಲ ತಲೆಯಾಡಿಸಿದರು. “ಎಸ್,” ಎಂದರು, ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ. “ಎಸ್.”