ಬಫರ್ ಟ್ಯಾಂಕ್ ಮತ್ತು ಹಂಡೆಯ ರೂಢಿ

2022ರ ಚಳಿಗಾಲ. ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ಬಯೋಮಾಸ್ ಬಾಯ್ಲರ್‌ಗಳಿಗೆ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಇಪ್ಪತ್ತು ವರ್ಷದ ಅನುಭವವಿದೆ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದ್ದು ಜಗಳೂರಿನ ಹತ್ತಿರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್.

ಅಲ್ಲಿ ನೂರಿಪ್ಪತ್ತು ಮಕ್ಕಳ ಸ್ನಾನಕ್ಕೆ ಮೂರು ಹಂಡೆಗಳಲ್ಲಿ ನೀರು ಕಾಯಿಸುತ್ತಿದ್ದವರು ಗಂಗಮ್ಮ. ಹೊಗೆ ಕುಡಿದು ಕುಡಿದು ಅವರಿಗೆ ಉಬ್ಬಸ ಹತ್ತಿತ್ತು. ಒಲೆ ಮುಂದೆ ಕೂರಲೇಬಾರದೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಉರಿಸುವ ಬಾಯ್ಲರ್ ಬಂತು. ಜೊತೆಗೆ ಎರಡು ಸಾವಿರ ಲೀಟರಿನ ಬಫರ್ ಟ್ಯಾಂಕ್, ಅಂದರೆ ಕಾದ ನೀರನ್ನು ಕೂಡಿಟ್ಟುಕೊಳ್ಳುವ ತೊಟ್ಟಿ. ಅದರಲ್ಲಿ ಬಿಸಿನೀರು ಮೇಲೆ, ತಣ್ಣೀರು ತಳದಲ್ಲಿ ಪದರವಾಗಿ ನಿಲ್ಲಬೇಕು. ಮೇಲಿನ ಸೆನ್ಸರ್ 55 ಡಿಗ್ರಿಗೆ ಇಳಿದರೆ ಬಾಯ್ಲರ್ ಹೊತ್ತಿಕೊಳ್ಳುತ್ತದೆ, ಕೆಳಗಿನದು 70 ಮುಟ್ಟಿದರೆ ಆರುತ್ತದೆ. ಕಂಟ್ರೋಲ್ ಎಂದರೆ ಇಷ್ಟೇ. ಬೆಂಡು ತುಂಬಿ ಅದನ್ನು ನೋಡಿಕೊಳ್ಳುವ ಕೆಲಸ ಗಂಗಮ್ಮನಿಗೇ ಉಳಿಯಿತು.

ವಾರದೊಳಗೆ ವಾರ್ಡನ್ ಫೋನ್ ಬಂತು: "ಮೊದ್ಲು ಬಂದ ಹತ್ತು ಮಕ್ಳಿಗೆ ಸುಡು ನೀರು ಸಾರ್, ಆಮೇಲೆ ಎಲ್ಲಾರಿಗೂ ಉಗುರುಬೆಚ್ಚಗೆ."

ಎರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಮುಟ್ಟಿದೆ. ಎಲ್ಲ ಸರಿಯಿತ್ತು. ಹಾಳಾಗಲಿ ಎಂದು 55ರ ಸೆಟ್ಟಿಂಗನ್ನು 60ಕ್ಕೆ ಏರಿಸಿ ಬಂದೆ. ಮೂರೇ ದಿನ, ಮತ್ತೆ ಫೋನ್. ಮತ್ತೆ ಮಧ್ಯಾಹ್ನ ಹೋಗಿ ಸೆನ್ಸರ್ ಬದಲಿಸಿದೆ, ಪಂಪ್ ಬಿಚ್ಚಿ ನೋಡಿದೆ, ಬೆಂಡು ಹಸಿಯಿದೆ ಎಂದು ವಾರ್ಡನ್ ಮೇಲೆ ಸುಮ್ಮನೆ ರೇಗಿದೆ. ಮನೆಗೆ ಬಂದರೆ ಮತ್ತೆ ಫೋನ್, ಅದೇ ರಾಗ, ಅದೇ ಹಾಡು. ಕೊನೆಗೆ ಆಡಳಿತ ಮಂಡಳಿಯವರು ಖಡಾಖಂಡಿತವಾಗಿ ಹೇಳಿದರು: ಸೋಮವಾರದೊಳಗೆ ಸರಿಹೋಗದಿದ್ದರೆ ಬಾಯ್ಲರ್ ಎತ್ತಿಸಿ ಮತ್ತೆ ಹಂಡೆ ಹೂಡುತ್ತೇವೆ; ಒಲೆ ಮುಂದೆ ಕೂರಲಾಗದಿದ್ದರೆ ಗಂಗಮ್ಮ ಕೆಲಸ ಬಿಡಲಿ.

ಶನಿವಾರವೇ ಹೋಗಿ ಜಗಳೂರಿನ ಲಾಡ್ಜಿನಲ್ಲಿ ಉಳಿದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಹಾಸ್ಟೆಲಿಗೆ ಹೋಗಿ ನೋಡುತ್ತೇನೆ, ಗಂಗಮ್ಮ ಏಣಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಏದುಸಿರು ಬಿಡುತ್ತ ನಲ್ಲಿಯ ಪೈಪನ್ನು ಒಳಗೆ ಇಳಿಬಿಟ್ಟಿದ್ದಾರೆ! ತಣ್ಣೀರು ನೇರ ಬಿಸಿನೀರಿನ ಮೇಲೆ ಸುರಿದು ಪದರವೆಲ್ಲ ಕಲಸಿಹೋಗುತ್ತಿತ್ತು.

"ಏನ್ರೀ ಗಂಗಮ್ಮ ಇದು!" ಎಂದು ಕಿರುಚಿಯೇ ಬಿಟ್ಟೆ.

"ಮಕ್ಳು ನೀರು ತಗಂಡಂಗೆಲ್ಲ ಇಳೀತೈತಲ್ರಿ ಸಾಹೇಬ್ರೆ. ತಣ್ಣೀರು ಹೊಯ್ಯದಿದ್ರೆ ಹಂಡೆ ತಳ ಸೀಯಲ್ವಾ?"

"ತಳದ ಪೈಪಿಂದ ತಾನಾಗೇ ಬರ್ತದೆ, ಸ್ವಲ್ಪ ನಿಧಾನ ಅಷ್ಟೆ!"

"ಅದನ್ನ ನಂಗೆ ಯಾರು ಹೇಳಿದ್ರು? ನೀವು ಎರಡು ಸಲ ಬಂದ್ರಿ, ಆ ಡಬ್ಬಿ ಕೂಡೆ ಮಾತಾಡಿ ಹೋದ್ರಿ."

ನಮ್ಮ ಮನೆಯಲ್ಲೂ ಬಿಸಿನೀರು ತೋಡಿಕೊಂಡವರು ಹಂಡೆಗೆ ಒಂದು ಬಕೆಟ್ ತಣ್ಣೀರು ಹೊಯ್ಯದೆ ಬಂದರೆ ಅವ್ವನ ಬೈಗುಳ ತಪ್ಪುತ್ತಿರಲಿಲ್ಲ. ಆ ಬೈಗುಳ ತಿಂದೇ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ನೀರಿನ ಮಟ್ಟ ಇಳಿಯದಂತೆ ಅಂದೇ ತಳಕ್ಕೆ ದಪ್ಪ ಪೈಪು ಹಾಕಿಸಿದೆ. ಗಂಗಮ್ಮನ ಕೈಯನ್ನೇ ಅದರ ಮೇಲೆ ಇಡಿಸಿ, ತಣ್ಣೀರು ಒಳಗೆ ಹರಿಯುವುದನ್ನು ತೋರಿಸಿದೆ. ಸೋಮವಾರ ಕೊನೆಯ ಸರದಿಯ ಹುಡುಗಿ ಬಚ್ಚಲಿನಿಂದ, "ಅಯ್ಯೋ, ಸುಡ್ತೈತೆ!" ಎಂದು ಕೂಗಿದಳು. ಗಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಬೆಳಗಿನ ದೂರಿಗೆ ಬೆಳಿಗ್ಗೆಯೇ ಹೋಗಬೇಕು; ಯಂತ್ರಕ್ಕಿಂತ ಮೊದಲು ಅದರ ಪಕ್ಕ ನಿಲ್ಲುವವರನ್ನು ಮಾತಾಡಿಸಬೇಕು. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಆದರೆ ನಾನು ಕಲಿಯುವವರೆಗೆ, ಉಬ್ಬಸದ ಎದೆಯಲ್ಲಿ ದಿನಾ ಏಣಿ ಹತ್ತಿದವರು ಗಂಗಮ್ಮ.