ಚಾಚಾ ಹಚ್ಚಿದ ತುಕ್ಕು

ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಮುಚ್ಚಳ ತೆಗೆದೆ. ಹತ್ತಿಯ ಮೇಲೆ ಸಾಲಾಗಿ ಮಲಗಿದ್ದ ಪುಟ್ಟ ಸೈನಿಕರಲ್ಲಿ ಒಬ್ಬನನ್ನು ಎತ್ತಿದರೆ ಬೆರಳಿಗೆ ಕೆಂಪು ಧೂಳು ಹತ್ತಿತು. ಕಮಲಾಪುರದ ಮಣ್ಣು. ಕೂಡಲೇ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಮಣ್ಣಿಗೆ ಯಾರು ಹೆದರುತ್ತಾರೆ... ಆ ಮಣ್ಣಿನಲ್ಲಿ ಚಾಚಾ ಬೆರೆಸುತ್ತಿದ್ದ ಹಳದಿ ಪುಡಿಗೆ ನನಗೆ ಹೆದರಿಕೆ. ಮಧ್ಯಾಹ್ನ ನಾಲ್ಕಕ್ಕೆ ಅವರ ಹೆಂಡತಿ ಚಾಚಿ ಬರುವವರಿದ್ದರು. ಆ ಸೈನಿಕರನ್ನು ಒಮ್ಮೆ ನೋಡಬೇಕು ಎಂದು ಬೆಳಗ್ಗೆ ಫೋನ್ ಮಾಡಿದ್ದರು. ಅದಕ್ಕೂ ಹೆದರಿಕೆಯೇ.

ಚಾಚಾ ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು, ಬೋರ್ಡು ಬರೆಯುವ ಪೇಂಟರ್. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಅಳತೆಪಟ್ಟಿ ಹಿಡಿಯದೆ ನೆಟ್ಟಗೆ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರನ್ನು ಕರೆಯುವವರು ಇಲ್ಲವಾದರು. ಮಗ ದುಡಿಯುತ್ತಿದ್ದ, ಮನೆ ನಡೆಯುತ್ತಿತ್ತು. ಆದರೂ ಚಾಚಾ ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಹೋಗಲು ಜಾಗವಿಲ್ಲದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು.

ನಾನು ಆಗಲೂ ಈಗಲೂ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಭಾನುವಾರ ನಾವು ನಾಲ್ವರು ಗೆಳೆಯರು ಸೇರಿ, ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧದಾಟ ಆಡುತ್ತಿದ್ದೆವು. ಮೂವತ್ತು ದಾಟಿದ ಹೆಣ್ಣುಮಗಳು ಗೊಂಬೆ ಆಡುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ. ಆ ವರ್ಷ ಹೈದರಾಬಾದಿನಲ್ಲಿ ಒಂದು ಪಂದ್ಯವಿತ್ತು. ಬಣ್ಣ ಹಚ್ಚದ ಸೈನ್ಯಕ್ಕೆ ಅಲ್ಲಿ ಪ್ರವೇಶವಿಲ್ಲ. ನನ್ನ ಅರವತ್ತು ಸೈನಿಕರೂ ಬೂದು ಪ್ಲಾಸ್ಟಿಕ್ಕಿನಲ್ಲೇ ನಿಂತಿದ್ದರು. ಹೇಗೋ ಒಬ್ಬನಿಗೆ ಬಣ್ಣ ಬಳಿದು, ಕಟ್ಟೆಯ ಮೇಲಿದ್ದ ಚಾಚಾಗೆ ತೋರಿಸಿದೆ.

"ಇವ ಮದುಮಗ ಇದ್ದಂಗ ಇದ್ದಾನ ಬೇಟಿ. ಲಡಾಯಿಗಿ ಹೋದವ ಹಿಂಗ ಇರ್ತಾನೇನು? ಬೂಟಿಗಿ ಕೆಸರು ಬೇಕು, ಕಬ್ಬಿಣಕ್ಕ ತುಕ್ಕು ಬೇಕು," ಎಂದರು.

ಮರುದಿನದಿಂದ ಕಟ್ಟೆ ಖಾಲಿಯಾಯಿತು. ಚಾಚಾ ಕಿಟಕಿಯ ಬಳಿ ಚಾಪೆ ಹಾಸಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ ಕೆಲಸಕ್ಕೆ ಕೂತರು. ಬೋರ್ಡು ಮೊದಲು ತುಕ್ಕು ಹಿಡಿಯುವುದು ಮೊಳೆ ಹೊಡೆದಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಕವಚದ ಒಂದೊಂದು ಮೊಳೆಯ ಸುತ್ತ ತುಕ್ಕು ಬರೆದು, ಮಳೆನೀರು ಇಳಿದ ಗೆರೆಯನ್ನೂ ಎಳೆಯುತ್ತಿದ್ದರು. ನಾನು ತರಿಸಿದ ಬಾಟಲಿಯ ಬಣ್ಣ ಅವರಿಗೆ ಹಿಡಿಸಲಿಲ್ಲ. ಕಮಲಾಪುರದ ತಮ್ಮ ಹೊಲದ ಮಣ್ಣನ್ನು ಅರಿವೆಯಲ್ಲಿ ಸೋಸಿ, ಯಾವ ಕಾಲದ್ದೋ ಒಂದು ಡಬ್ಬಿಯ ಹಳದಿ ಪುಡಿ ಸೇರಿಸಿ, ಅಂಟಿನ ನೀರಿನಲ್ಲಿ ಕಲಸಿಕೊಳ್ಳುತ್ತಿದ್ದರು. ಗೆರೆ ಎಳೆಯುವ ಮುನ್ನ ಪ್ರತಿ ಸಲವೂ ಬ್ರಶ್ಶನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುತ್ತಿದ್ದರು. ಬಟ್ಟೆಯ ಬ್ಯಾನರ್ ಬರೆಯುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಮೊದಲ ದಿನವೇ ನೋಡಿದ್ದೆ. ಹಳೆಯ ಹಳದಿ ಬಣ್ಣಗಳಲ್ಲಿ ಸೀಸವೆಂಬ ವಿಷವಿರುತ್ತದೆ ಎಂಬುದನ್ನು ಓದಿಯೂ ಇದ್ದೆ. ಆದರೆ ಆ ತುಕ್ಕು ಎಷ್ಟು ಚೆಂದ ಇತ್ತೆಂದರೆ...

ನಲವತ್ತೆರಡು ಸೈನಿಕರು ಮುಗಿದ ದಿನ ಚಾಚಾ ಯಾವುದೋ ಮಾತಿಗೆ ಬಾಯಿ ತುಂಬ ನಕ್ಕರು. ಕೆಳಗಿನ ವಸಡಿನ ಅಂಚಿನಲ್ಲಿ ಸಣ್ಣದೊಂದು ನೀಲಿಗಪ್ಪು ಗೆರೆ ಕಂಡಿತು. ಓದುವಾಗ ಪುಸ್ತಕದ ಚಿತ್ರದಲ್ಲಿ ನೋಡಿದ್ದೆ, ಮನುಷ್ಯರ ಬಾಯಲ್ಲಿ ನೋಡಿದ್ದು ಅದೇ ಮೊದಲು. ಸೀಸ ಮೈಯೊಳಗೆ ಇಳಿದಿದೆ ಎನ್ನುವ ಗುರುತು. ಹಿಂದಿನ ವಾರವಷ್ಟೇ ಅವರು ಹೊಟ್ಟೆ ಹಿಡಿದುಕೊಂಡು ಮಲಗಿದ್ದು ನೆನಪಾಯಿತು.

ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು, ಸೈನಿಕರು ಹದಿನೆಂಟು. ಇಷ್ಟು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ನಾಚಿಕೆಯಿಲ್ಲದೆ ಹಾಗೆಯೇ ಅಂದುಕೊಂಡೆ. ಎಂಟು ದಿನ ನಾನು ಆ ಕಿಟಕಿಯ ಕಡೆ ನೋಡಲಿಲ್ಲ. ನೋಡಿದರೆ ಬ್ರಶ್ಶು ತುಟಿಗೆ ಹೋಗುವುದು ಕಾಣುತ್ತಿತ್ತು.

ಎಂಟನೆಯ ದಿನ ಚಾಚಾ ನನ್ನನ್ನು ಕರೆದರು. ಐವತ್ತೊಂಬತ್ತು ಮಂದಿ ಸಾಲಾಗಿ ನಿಂತಿದ್ದರು. ಕೊನೆಯವನನ್ನು ಎತ್ತಿ ತೋರಿಸಲು ಹೋದರು. ಮುಂಗೈ ಮೇಲೇಳಲೇ ಇಲ್ಲ, ನೀರಿಲ್ಲದ ಬಳ್ಳಿಯ ತುದಿಯಂತೆ ಜೋತುಬಿತ್ತು. ಸೈನಿಕ ಚಾಪೆಯ ಮೇಲೆ ಉರುಳಿದ. ಚಾಚಾ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ನೋಡಿದರು.

"ಏನಾಗ್ಯಾದ ಇದಕ್ಕ?" ಎಂದು ನನ್ನನ್ನೇ ಕೇಳಿದರು.

ನಾನು ಗೊತ್ತಿಲ್ಲ ಎಂದೆ.

ದೊಡ್ಡ ಆಸ್ಪತ್ರೆಯ ಡಾಕ್ಟರು ಇದು ಬಹಳ ವರ್ಷಗಳಿಂದ ಸೇರುತ್ತ ಬಂದ ಸೀಸ ಎಂದರು. ಎಲ್ಲರೂ ಅದನ್ನೇ ನಂಬಿದರು, ನನಗೆ ಮಾತ್ರ ಆ ಎಂಟು ದಿನವೇ ಲೆಕ್ಕ. ನಾನು ಪಂದ್ಯಕ್ಕೆ ಹೋಗಲಿಲ್ಲ. ಚಾಚಾ, ಚಾಚಿ ಕಮಲಾಪುರಕ್ಕೆ ಹೋಗಿ ಅಲ್ಲಿಯೇ ಉಳಿದರು. ಎರಡು ಸಲ ಹೇಳಿಬಿಡಬೇಕೆಂದೇ ಬಸ್ಸು ಹತ್ತಿ ಹೋಗಿದ್ದೆ. ಚಾಚಾ ಎಡಗೈಯಲ್ಲಿ ಕೆಂಪು ಬಾಳೆಹಣ್ಣು ಕೊಟ್ಟು, "ಉಳಿದವನಿಗಿ ನೀನೇ ತುಕ್ಕು ಹಚ್ಚು ಬೇಟಿ," ಎಂದರು. ಎರಡು ಸಲವೂ ಹೇಳದೆಯೇ ವಾಪಸು ಬಂದೆ. ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಹೃದಯ ನಿಂತಿತು ಎಂದರು. ಇರಬಹುದು...

ನಾಲ್ಕು ಗಂಟೆಗೆ ಚಾಚಿ ಬಂದರು. ಚಹಾ ಕುಡಿದು, ಸೈನಿಕರನ್ನು ಒಬ್ಬೊಬ್ಬರಾಗಿ ಮೇಜಿನ ಮೇಲೆ ನಿಲ್ಲಿಸಿದರು. ಕೊನೆಯವನ ಬಳಿ ಬಂದಾಗ ಅವರ ಕೈ ನಿಂತಿತು. ಅವನ ಕಾಲಿಗೆ ಮಣ್ಣು ಹತ್ತಿತ್ತು, ಎದೆಯ ಮೇಲೆ ತುಕ್ಕು ಇರಲಿಲ್ಲ.

"ಇವನಿಗ್ಯಾಕ ಹಚ್ಚಿಲ್ಲ?"

"ಅವತ್ತು ಕೈ ಬಿತ್ತಲ್ಲ ಚಾಚಿ, ಆಗ ಜಾರಿಬಿದ್ದವ ಇವನೇ," ಎಂದೆ. "ಎಂಟು ದಿನ ಮೊದಲೇ ನಂಗ ಗೊತ್ತಿತ್ತು. ಬಾಯಾಗ ಗುರುತು ನೋಡಿದ್ದೆ. ನಾ ಹೇಳಲಿಲ್ಲ."

ಚಾಚಿ ಅವನನ್ನೂ ಉಳಿದವರ ಸಾಲಿಗೆ ನಿಲ್ಲಿಸಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ.

"ಅವರ ಕೈ ಅದಕ್ಕೂ ಮೊದಲೇ ಸೋತಿತ್ತು," ಎಂದರು. "ಅನ್ನದ ತುತ್ತು ಜಾರ್ತಿತ್ತು. ಬೇಟಿಗಿ ಹೇಳಬ್ಯಾಡ, ಹೇಳಿದ್ರ ಸೈನಿಕರನ್ನ ಒಯ್ದುಬಿಡ್ತಾಳ, ಮತ್ತ ಕಟ್ಟಿ ಮ್ಯಾಲ ಕೂಡಬೇಕಾಗ್ತದ ಅಂದ್ರು. ನಾನೂ ಹೇಳಲಿಲ್ಲ."

ಆಮೇಲೆ ಅವರು ಅತಿ ಹೆಚ್ಚು ತುಕ್ಕು ಹಿಡಿದ ಒಬ್ಬ ಸೈನಿಕನನ್ನು ಎತ್ತಿಕೊಂಡರು. ಮೊಳೆಯ ಸುತ್ತಲಿನ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣಿಗೆ ಒತ್ತಿಕೊಂಡು, ಮುತ್ತಿಡಲು ತುಟಿಯ ಹತ್ತಿರ ಒಯ್ದರು.

"ಬಾಯಿಗಿ ಬ್ಯಾಡ ಚಾಚಿ," ಎಂದು ಅವರ ಕೈ ಹಿಡಿದುಕೊಂಡೆ.

ಅಂದು ಆಡಬೇಕಾಗಿದ್ದ ಮಾತು ಇಷ್ಟೇ ಇತ್ತು. ಚಾಚಿ ನನ್ನ ಮುಖ ನೋಡಿ, ಸೈನಿಕನನ್ನು ಮೆಲ್ಲಗೆ ಡಬ್ಬಿಯಲ್ಲಿ ಮಲಗಿಸಿದರು. ಅವರ ಕೈ ಬಿಡದೆ ನಲ್ಲಿಯ ತನಕ ಕರೆದುಕೊಂಡು ಹೋಗಿ, ಬೆರಳು ಬೆರಳಿಗೂ ಸೋಪು ಹಚ್ಚಿ ತೊಳೆದೆ.